ಪಾಸಾದ ಕಾನೂನು, ಜಾರಿಯಾಗದ ಕಾನೂನು, ಸತ್ತೂ ಸಾಯದ ಕಾನೂನು

(ಇದು ಮಾತಾಡಿದ್ದರ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಇದ್ದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2024ರ ಜುಲೈನಲ್ಲಿ ಎರಡು ಮೂರು ದಿನ ನಮ್ಮ ರಾಜ್ಯದಲ್ಲಿ ಒಂದೇ ಸುದ್ದಿ ಓಡಾಡಿತು, ನೆನಪಿದೆಯಾ? ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ. ಕೆಲವರು ಕಾನೂನು ಬಂತು ಅಂತ ಸಂಭ್ರಮಿಸಿದರು, ಕೆಲವರು ಕಂಪನಿಗಳೆಲ್ಲ ಪಕ್ಕದ ರಾಜ್ಯಕ್ಕೆ ಹೋಗುತ್ತವೆ ಅಂತ ತಲೆ ಮೇಲೆ ಕೈ ಹೊತ್ತರು, ಟಿವಿಯಲ್ಲಿ ಚರ್ಚೆಯ ಮೇಲೆ ಚರ್ಚೆ. ಆದರೆ ಆ ದಿನಗಳಲ್ಲಿ ಯಾವ ಕಾನೂನೂ ಬಂದಿರಲಿಲ್ಲ. ಸಚಿವ ಸಂಪುಟ ಒಂದು ವಿಧೇಯಕದ, ಅಂದರೆ ಮಸೂದೆಯ, ಕರಡಿಗೆ ಒಪ್ಪಿಗೆ ಕೊಟ್ಟಿತ್ತು, ಅಷ್ಟೇ. ಅದು ಸದನದ ಮುಂದೆ ಬರುವ ಮೊದಲೇ ತಡೆಹಿಡಿದರು. ಹುಟ್ಟದ ಕೂಸಿಗೆ ಕುಲಾವಿ ಅಂತಾರಲ್ಲ, ಹಾಗಾಯಿತು.

ಇವತ್ತು ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ. ಸಂಪುಟ ಒಪ್ಪಿತು, ಮಂಡನೆಯಾಯಿತು, ಪಾಸಾಯಿತು, ಅಂಕಿತ ಬಿತ್ತು, ಜಾರಿಗೆ ಬಂತು, ರದ್ದಾಯಿತು. ಇವೆಲ್ಲ ಬೇರೆ ಬೇರೆ ಘಟನೆಗಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನ ಇರಬಹುದು, ನಲವತ್ತು ವರ್ಷವೂ ಇರಬಹುದು. ನಾವು ಗಲಾಟೆ ಮಾಡುವುದೆಲ್ಲ ಪಾಸಾಗುವ ದಿನ. ನಮ್ಮ ಜಮೀನು, ಕೆಲಸ, ಕೇಸು ನಿರ್ಧಾರವಾಗುವುದು ಮಾತ್ರ ಯಾರೂ ಓದದ ಎರಡು ಕಡೆ. ಕಾನೂನಿನ ಮೊದಲ ಪ್ರಕರಣದಲ್ಲಿ, ಮತ್ತೆ ಕೊನೆಯ ಪ್ರಕರಣದಲ್ಲಿ. ಪ್ರಕರಣ ಅಂದರೆ ಇಲ್ಲಿ ಕೇಸಲ್ಲ, ಕಾನೂನಿನ ಸೆಕ್ಷನ್.

ಮೊದಲು ಸದನದ ಕೆಲಸವನ್ನು ಬೇಗ ಮುಗಿಸಿಬಿಡೋಣ. ಶಾಲೆಯಲ್ಲಿ ಓದಿರುತ್ತೀರಿ. ಇಲಾಖೆಯಲ್ಲಿ ಕರಡು ತಯಾರಾಗುತ್ತದೆ, ಸಂಸದೀಯ ವ್ಯವಹಾರಗಳ ಇಲಾಖೆ ಅದನ್ನು ನೋಡುತ್ತದೆ, ಸಂಪುಟ ಒಪ್ಪುತ್ತದೆ, ಮಂತ್ರಿ ಮಂಡಿಸುತ್ತಾರೆ. ಮೂರು ವಾಚನ. ಮೊದಲನೆಯದು ಮಂಡನೆ. ಎರಡನೆಯದರಲ್ಲಿ ಚರ್ಚೆ, ಒಂದೊಂದೇ ಖಂಡಕ್ಕೆ ಒಪ್ಪಿಗೆ, ತಿದ್ದುಪಡಿ ಇದ್ದರೆ ಅದಕ್ಕೂ ಮತ. ಮೂರನೆಯದರಲ್ಲಿ ಇಡಿಯಾಗಿ ಅಂಗೀಕಾರ. ಆಮೇಲೆ ಇನ್ನೊಂದು ಸದನಕ್ಕೆ ಹೋಗಬೇಕು. ವಿಧೇಯಕದ ಕೊನೆಗೆ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಅಂತ ಒಂದು ಪುಟ ಇರುತ್ತದೆ. ಪತ್ರಕರ್ತರು ಸಾಮಾನ್ಯವಾಗಿ ಓದುವುದು ಅದನ್ನು ಮಾತ್ರ. ಅದು ಕಾನೂನಿನ ಭಾಗವೇ ಅಲ್ಲ. ವಿಧೇಯಕ ಅಧಿನಿಯಮ, ಅಂದರೆ ಕಾಯ್ದೆ, ಆದಾಗ ಅದು ಉದುರಿಹೋಗುತ್ತದೆ.

ಸಾಮಾನ್ಯ ಶಾಸಕರು, ಅಂದರೆ ಮಂತ್ರಿ ಅಲ್ಲದವರು, ವಿಧೇಯಕ ತರಬಹುದಾ? ತರಬಹುದು. ಸಂಸತ್ತಿನಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಹಾಗೆ ತಂದವು 14 ಮಾತ್ರ ಕಾನೂನಾಗಿವೆ. ಕೊನೆಯದು 1970ರಲ್ಲಿ. ಅಲ್ಲಿಂದ ಇಲ್ಲಿಗೆ ಒಂದೂ ಇಲ್ಲ. ಜೊತೆಗೆ 1985ರ ಪಕ್ಷಾಂತರ ನಿಷೇಧ ಬಂದ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆಜ್ಞೆ, ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಸಂಚಕಾರ. ಹಾಗಾಗಿ ಬಹುಮತ ಇರುವ ಸರ್ಕಾರದ ವಿಧೇಯಕ ಸದನದೊಳಗೆ ಬಿತ್ತು ಅನ್ನುವುದು ಅಪರೂಪದ ಸುದ್ದಿ. ಅದಕ್ಕೇ ನಾನು ಹೇಳುವುದು, ‘ಪಾಸಾಯಿತು’ ಅನ್ನುವುದರಲ್ಲಿ ಅಂಥಾ ದೊಡ್ಡ ವಿಷಯ ಏನೂ ಇಲ್ಲ ಅಂತ.

ಎರಡು ಸದನದ ವಿಷಯದಲ್ಲಿ ಮಾತ್ರ ಒಂದು ವ್ಯತ್ಯಾಸ ಗಮನಿಸಿ. ದೆಹಲಿಯಲ್ಲಿ ಹಣಕಾಸು ವಿಧೇಯಕ ಬಿಟ್ಟರೆ ಮಿಕ್ಕ ಕಾನೂನುಗಳಿಗೆ ರಾಜ್ಯಸಭೆ ಲೋಕಸಭೆಯ ಸಮಕ್ಕೆ ನಿಲ್ಲುತ್ತದೆ. ಜಗಳ ಬಿದ್ದರೆ ಜಂಟಿ ಅಧಿವೇಶನ. ನಮ್ಮ ವಿಧಾನ ಪರಿಷತ್ತಿಗೆ ಆ ಬಲ ಇಲ್ಲ. ಅದು ಮೊದಲ ಸಲ ಮೂರು ತಿಂಗಳು ತಡೆಯಬಹುದು, ವಿಧಾನಸಭೆ ಮತ್ತೆ ಪಾಸು ಮಾಡಿ ಕಳಿಸಿದರೆ ಇನ್ನೊಂದು ತಿಂಗಳು. ಆಮೇಲೆ ಪರಿಷತ್ತು ಒಪ್ಪಲಿ ಬಿಡಲಿ, ಪಾಸಾದಂತೆಯೇ ಲೆಕ್ಕ. ಜಂಟಿ ಅಧಿವೇಶನದ ಅವಕಾಶ ರಾಜ್ಯದಲ್ಲಿ ಇಲ್ಲ. ಒಟ್ಟಿನಲ್ಲಿ 75 ಜನರ ಪರಿಷತ್ತು 224 ಜನರ ವಿಧಾನಸಭೆಯನ್ನು ಸ್ವಲ್ಪ ಕಾಯಿಸಬಹುದು, ತಡೆದು ನಿಲ್ಲಿಸಲು ಆಗುವುದಿಲ್ಲ.

ಜಂಟಿ ಅಧಿವೇಶನ ಅಂದೆನಲ್ಲ, ಸಂಸತ್ತಿನ ಇತಿಹಾಸದಲ್ಲಿ ಕಾನೂನು ಮಾಡುವುದಕ್ಕೆ ಅಂತ ಅದು ಸೇರಿದ್ದು ಮೂರೇ ಸಲ. 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ವಿಧೇಯಕಕ್ಕೆ, 2002ರಲ್ಲಿ ಪೋಟಾ ಅನ್ನುವ ಭಯೋತ್ಪಾದನೆ ತಡೆ ಕಾಯ್ದೆಗೆ. ನನಗೆ ಇದರಲ್ಲಿ ಮಜಾ ಅನ್ನಿಸುವುದು ಏನು ಗೊತ್ತಾ? 1978ರದ್ದು ಕಾನೂನು ಮಾಡುವುದಕ್ಕೆ ಅಲ್ಲ, ಇದ್ದ ಕಾನೂನನ್ನು ತೆಗೆಯುವುದಕ್ಕೆ ಸೇರಿದ್ದು. ಇನ್ನು ಪೋಟಾ. ಅಷ್ಟು ಕಷ್ಟಪಟ್ಟು, ಎರಡೂ ಸದನವನ್ನು ಒಟ್ಟಿಗೆ ಕೂರಿಸಿ ಪಾಸು ಮಾಡಿದ್ದನ್ನು 2004ರಲ್ಲಿ, ಸರ್ಕಾರ ಬದಲಾದ ಕೆಲವೇ ತಿಂಗಳಲ್ಲಿ ರದ್ದು ಮಾಡಿದರು. ಮೂರರಲ್ಲಿ ಉಳಿದು ಬಾಳಿದ್ದು ವರದಕ್ಷಿಣೆ ಕಾನೂನು ಒಂದೇ. ಅದು ಎಷ್ಟು ಕೆಲಸ ಮಾಡಿದೆ ಅನ್ನುವುದು ನಿಮಗೇ ಗೊತ್ತು.

ಈಗ ಸದನ ದಾಟಿತು, ರಾಜ್ಯಪಾಲರ ಮೇಜಿಗೆ ಹೋಯಿತು. ಸಂವಿಧಾನದ 200ನೇ ವಿಧಿ. ಅಂಕಿತ ಹಾಕಬಹುದು, ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಾದಿರಿಸಬಹುದು. ವಾಪಸ್ ಕಳಿಸಿದ್ದನ್ನು ಸದನ ಮತ್ತೆ ಪಾಸು ಮಾಡಿದರೆ ಅಂಕಿತ ನಿರಾಕರಿಸುವಂತಿಲ್ಲ. ಆದರೆ ಸುಮ್ನೆ ಇಟ್ಟುಕೊಂಡು ಕೂತರೆ? ವಿಧಿಯಲ್ಲಿ ದಿನಗಳ ಲೆಕ್ಕ ಇಲ್ಲ. ತಮಿಳುನಾಡಿನ ಕೇಸಿನಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಗಡುವು ಹಾಕಿತು. ಅದೇ ವರ್ಷ ನವೆಂಬರ್‌ನಲ್ಲಿ ಐವರ ಪೀಠ ರಾಷ್ಟ್ರಪತಿ ಕೇಳಿದ ಪ್ರಶ್ನೆಗಳಿಗೆ ಅಭಿಪ್ರಾಯ ಕೊಡುತ್ತಾ, ಕೋರ್ಟು ಹಾಗೆ ಗಡುವು ಹಾಕಲು ಬರುವುದಿಲ್ಲ, ಅಂಕಿತ ಸಿಕ್ಕಿದೆ ಎಂದು ತಾನೇ ಭಾವಿಸಿಕೊಳ್ಳಲೂ ಬರುವುದಿಲ್ಲ, ಆದರೆ ಕಾರಣವೇ ಇಲ್ಲದೆ ತುಂಬಾ ಕಾಲ ಕೂತರೆ ‘ಏನಾದರೂ ಒಂದು ನಿರ್ಧಾರ ಮಾಡಿ’ ಎಂದಷ್ಟೇ ಹೇಳಬಹುದು ಎಂದಿತು. ನನ್ನ ಪ್ರಕಾರ ಇದು ಅರ್ಧ ತೆರೆದ ಬಾಗಿಲು. ಎಷ್ಟು ಕಾಲವಾದರೆ ‘ತುಂಬಾ ಕಾಲ’ ಅನ್ನುವ ಜಗಳ ಮುಂದೆಯೂ ಇರುತ್ತದೆ.

ನಮ್ಮಲ್ಲೇ ನೋಡಿ, ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಬೇಕು ಅನ್ನುವ ತಿದ್ದುಪಡಿ. ಸರ್ಕಾರ 2024ರ ಜನವರಿಯಲ್ಲಿ ಸುಗ್ರೀವಾಜ್ಞೆ ಕಳಿಸಿತು. ಅಧಿವೇಶನ ಹತ್ತಿರದಲ್ಲೇ ಇದೆ, ಸದನದಲ್ಲೇ ತನ್ನಿ ಅಂತ ರಾಜ್ಯಪಾಲರು ವಾಪಸ್ ಕಳಿಸಿದರು. ಫೆಬ್ರವರಿಯಲ್ಲಿ ವಿಧೇಯಕ ತಂದು ಪಾಸು ಮಾಡಿದರು. ಆಗ ರಾಜ್ಯಪಾಲರನ್ನು ಬೈದವರು ಬಹಳ ಜನ. ನನಗೆ ಮಾತ್ರ ಆ ವಾಪಸಾತಿಯಲ್ಲಿ ತಪ್ಪು ಕಾಣಲಿಲ್ಲ. ಸುಗ್ರೀವಾಜ್ಞೆ ಇರುವುದು ಸದನ ಕೂರದ ಹೊತ್ತಿನ ತುರ್ತಿಗೆ, ಚರ್ಚೆ ತಪ್ಪಿಸಿಕೊಳ್ಳಲು ಅಲ್ಲ. ಸದನ ಮತ್ತೆ ಸೇರಿದ ಆರು ವಾರದೊಳಗೆ ಅದು ಕಾನೂನಾಗಬೇಕು, ಇಲ್ಲವಾದರೆ ಬಿದ್ದುಹೋಗುತ್ತದೆ. ಬಿಹಾರದಲ್ಲಿ ಒಂದು ಕಾಲದಲ್ಲಿ ಏನು ಮಾಡುತ್ತಿದ್ದರು ಅಂದರೆ, ಬಿದ್ದುಹೋಗುವ ಹೊತ್ತಿಗೆ ಅದನ್ನೇ ಮತ್ತೆ ಹೊರಡಿಸುವುದು. 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳು ಹೀಗೆ ಮತ್ತೆ ಮತ್ತೆ ಬಂದವು, ಕೆಲವು ಹೆಚ್ಚುಕಡಿಮೆ 14 ವರ್ಷ ಬದುಕಿದವು. ಡಿ.ಸಿ. ವಾಧ್ವಾ ಅನ್ನುವ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಈ ಲೆಕ್ಕವನ್ನೆಲ್ಲ ಕೂತು ತೆಗೆದು ಕೋರ್ಟಿಗೆ ಹೋದರು. 1986ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂವಿಧಾನಕ್ಕೆ ಮಾಡಿದ ಮೋಸ ಎಂದಿತು.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಕಾನೂನಿನ ಒಡಲು.

ಯಾವುದಾದರೂ ಕರ್ನಾಟಕದ ಅಧಿನಿಯಮ ತೆಗೆದುಕೊಳ್ಳಿ. ಮೇಲೆ ಹೆಸರು. ಆಮೇಲೆ ಯಾಕೆ ಈ ಕಾನೂನು ಅನ್ನುವ ಒಂದೆರಡು ಸಾಲು. ಆಮೇಲೆ ‘ಇದು ಭಾರತ ಗಣರಾಜ್ಯದ ಇಷ್ಟನೆಯ ವರ್ಷದಲ್ಲಿ ಕರ್ನಾಟಕ ರಾಜ್ಯ ವಿಧಾನ ಮಂಡಲದಿಂದ ಈ ಮುಂದಿನಂತೆ ಅಧಿನಿಯಮಿತವಾಗತಕ್ಕದ್ದು’ ಅನ್ನುವ ಸಾಲು. ಗದ್ಯ ಸ್ವಲ್ಪ ಗಡುಸು, ಓದುತ್ತಾ ಓದುತ್ತಾ ಅಭ್ಯಾಸವಾಗುತ್ತದೆ. ಒಂದನೇ ಪ್ರಕರಣ: ಚಿಕ್ಕ ಹೆಸರು, ವ್ಯಾಪ್ತಿ, ಪ್ರಾರಂಭ. ಎರಡನೆಯದು ಪರಿಭಾಷೆಗಳು. ಆಮೇಲೆ ಮುಖ್ಯ ಪ್ರಕರಣಗಳು, ಶಿಕ್ಷೆ, ನಿಯಮ ಮಾಡುವ ಅಧಿಕಾರ, ಕೊನೆಗೆ ‘ನಿರಸನ ಮತ್ತು ಉಳಿಸುವಿಕೆ’, ಅಂದರೆ ಯಾವುದು ರದ್ದು, ಅದರಲ್ಲಿ ಏನು ಉಳಿಯುತ್ತದೆ ಅನ್ನುವುದು, ಬಾಲಕ್ಕೆ ಅನುಸೂಚಿಗಳು.

ಪರಿಭಾಷೆಯನ್ನು ಹಾರಿಸಿ ಓದಬೇಡಿ. 1934ರ ವಿಮಾನ ಕಾಯ್ದೆಯಲ್ಲಿ ವಿಮಾನ ಅನ್ನುವುದರ ಒಳಗೆ ಗಾಳಿಪಟವೂ ಸೇರಿತ್ತು! ಸಂಕ್ರಾಂತಿಗೆ ಪಟ ಹಾರಿಸುವ ಹುಡುಗ ಅಕ್ಷರಶಃ ಓದಿದರೆ ವಿಮಾನ ಹಾರಿಸುತ್ತಿದ್ದ. ಆ ಕಾಯ್ದೆಯ ಜಾಗಕ್ಕೆ ಹೊಸದು ಪಾಸಾದದ್ದು 2024ರಲ್ಲಿ. ಹಾಗೆಯೇ ‘ಪರಂತು’ ಅಂತ ಶುರುವಾಗುವ ಪ್ಯಾರಾಗಳು. ಮುಖ್ಯ ಪ್ರಕರಣ ಒಂದು ಕೈಯಲ್ಲಿ ಕೊಟ್ಟದ್ದನ್ನು ಪರಂತು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಎಷ್ಟು ಸಲ!

ನಿಯಮ ಮಾಡುವ ಅಧಿಕಾರದ ಬಗ್ಗೆ ಒಂದೇ ಮಾತು. ಅರ್ಜಿ ಎಲ್ಲಿ ಕೊಡಬೇಕು, ಶುಲ್ಕ ಎಷ್ಟು, ಯಾವ ಅಧಿಕಾರಿ, ಯಾವ ನಮೂನೆ, ಇವೆಲ್ಲ ನಿಯಮದಲ್ಲಿ ಇರುತ್ತವೆ, ಅವನ್ನು ಮಾಡುವುದು ಇಲಾಖೆ. 2019ರಲ್ಲಿ ಸಂಸತ್ತು ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಹೆಲ್ಮೆಟ್ ಹಾಕದಿದ್ದರೆ 1,000 ರೂಪಾಯಿ ಎಂದಿತು. ಜನ ಬೊಬ್ಬೆ ಹೊಡೆದರು. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಒಂದು ಅಧಿಸೂಚನೆ ಹೊರಡಿಸಿ, ಸ್ಥಳದಲ್ಲೇ ರಾಜಿ ಮಾಡಿಕೊಂಡು ಕಟ್ಟುವ ಮೊತ್ತವನ್ನು 500ಕ್ಕೆ ಇಳಿಸಿತು. ಇಡೀ ಸಂಸತ್ತು ಕೂತು ಬರೆದ ಅಂಕಿ ನಮ್ಮ ರಸ್ತೆಗೆ ಬರುವ ಹೊತ್ತಿಗೆ ಅರ್ಧ ಆಯಿತು. ಕಾನೂನಿನೊಳಗೇ ಅದಕ್ಕೆ ದಾರಿ ಇತ್ತು.

ಈಗ ಒಂದನೇ ಪ್ರಕರಣಕ್ಕೆ ವಾಪಸ್ ಬನ್ನಿ. ಅಲ್ಲಿ ಒಂದು ಸಾಲು ಇರುತ್ತದೆ. ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಂದು ಜಾರಿಗೆ ಬರತಕ್ಕದ್ದು’ ಎನ್ನುವ ಧಾಟಿಯದು. ನೋಡಲು ಪಾಪದ ಸಾಲು. ಅರ್ಥ ಏನು? ಎರಡೂ ಸದನ ಒಪ್ಪಿದರೂ, ಅಂಕಿತ ಬಿದ್ದರೂ, ರಾಜ್ಯಪತ್ರದಲ್ಲಿ (ಗೆಜೆಟ್‌ನಲ್ಲಿ) ಅಚ್ಚಾದರೂ, ಮಂತ್ರಿಮಂಡಲಕ್ಕೆ ಮನಸ್ಸು ಬರುವ ತನಕ ಅದು ಕಾಗದ. ದೆಹಲಿ ಬಾಡಿಗೆ ಕಾಯ್ದೆ 1995ರಲ್ಲಿ ಪಾಸಾಯಿತು, ಅಂಕಿತವೂ ಆಯಿತು. ವ್ಯಾಪಾರಿಗಳು, ಬಾಡಿಗೆದಾರರು ಗಲಾಟೆ ಎಬ್ಬಿಸಿದರು. ದಿನಾಂಕ ಗೊತ್ತುಪಡಿಸಲೇ ಇಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ, ವಿಚಾರಣೆ ಇಲ್ಲದೆ ಜನರನ್ನು ಒಳಗೆ ಹಾಕುವ ಅಧಿಕಾರಕ್ಕೆ ಕಡಿವಾಣ ಹಾಕೋಣ ಅಂತ 1978ರ 44ನೇ ಸಂವಿಧಾನ ತಿದ್ದುಪಡಿಯಲ್ಲಿ ಮೂರನೇ ಪ್ರಕರಣ ಬರೆದರು. ಅದನ್ನು ಇವತ್ತಿನವರೆಗೆ ಯಾವ ಪಕ್ಷದ ಸರ್ಕಾರವೂ ಜಾರಿಗೆ ತಂದಿಲ್ಲ. ಸುಪ್ರೀಂ ಕೋರ್ಟಿಗೆ ಹೋದರೆ, ಜಾರಿಗೆ ತನ್ನಿ ಅಂತ ಸರ್ಕಾರಕ್ಕೆ ಆದೇಶ ಕೊಡಲು ಬರುವುದಿಲ್ಲ ಎಂದು 1981ರ ಡಿಸೆಂಬರ್‌ನಲ್ಲಿ ಅದು ಹೇಳಿಬಿಟ್ಟಿತು. ನಾಲ್ಕು ಕಾರ್ಮಿಕ ಸಂಹಿತೆಗಳು 2019 ಮತ್ತು 2020ರಲ್ಲಿ ಪಾಸಾದವು, ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾನೂನನ್ನೇ ನೋಡಿ, ಸದನ ಒಪ್ಪಿದ್ದು 2017ರಲ್ಲಿ, ಜಾರಿ 2020ರಲ್ಲಿ. ನಡುವೆ ಸರ್ಕಾರಗಳೇ ಬದಲಾಗಿದ್ದವು.

ಮಹಿಳಾ ಮೀಸಲಾತಿಯ ಕಥೆ ಇನ್ನೂ ಉದ್ದ. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿದ್ದಾಗ ಮೊದಲ ಸಲ ಮಂಡನೆ. ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇರುವ ವಿಧೇಯಕ ಸತ್ತಂತೆ, ಹಾಗೆ ಅದು ಸತ್ತು ಹುಟ್ಟಿ ಸತ್ತು ಹುಟ್ಟಿ ಬಂತು. ಅದಕ್ಕೇ 2008ರಲ್ಲಿ ಜಾಣತನ ಮಾಡಿ ರಾಜ್ಯಸಭೆಯಲ್ಲಿ ಮಂಡಿಸಿದರು, ಅದು ವಿಸರ್ಜನೆಯಾಗದ ಸದನ. 2010ರಲ್ಲಿ ಅಲ್ಲಿ ಪಾಸೂ ಆಯಿತು. ಆದರೆ ಲೋಕಸಭೆಗೆ ಹೋಗಿ ಅಲ್ಲೇ ಕೂತಿತು, 2014ರಲ್ಲಿ ಆ ಲೋಕಸಭೆಯ ಜೊತೆಗೇ ಹೋಯಿತು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ 106ನೇ ತಿದ್ದುಪಡಿಯಾಗಿ ಪಾಸಾಯಿತು. ಅದರೊಳಗೇ ಬರೆದದ್ದು ಏನು? ಈ ಕಾನೂನು ಬಂದ ಮೇಲೆ ನಡೆಯುವ ಮೊದಲ ಜನಗಣತಿ, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ, ಅದಾದ ಮೇಲೆ ಮೀಸಲಾತಿ. ಸಂಸತ್ತಿನಲ್ಲಿ ಸಿಹಿ ಹಂಚಿದ ದಿನ ಈ ಸಾಲು ಎಷ್ಟು ಜನ ಓದಿದ್ದರು?

ಈಗ ಕೊನೆಯ ಪ್ರಕರಣ. ನಿರಸನ. ನನಗೆ ಅತಿ ಇಷ್ಟದ ಭಾಗ, ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾನೂನು ರದ್ದಾಯಿತು ಅಂದ ಕೂಡಲೇ ಅದು ಹೇಳಿದ್ದೆಲ್ಲ ಅಳಿಸಿಹೋಗುವುದಿಲ್ಲ. 1897ರ ಸಾಮಾನ್ಯ ಖಂಡಗಳ ಅಧಿನಿಯಮ ಅಂತ ಒಂದಿದೆ, ಬೇರೆ ಕಾನೂನುಗಳನ್ನು ಹೇಗೆ ಓದಬೇಕು ಅಂತ ಹೇಳುವ ಕಾನೂನು. ಮೈಸೂರು ಸಂಸ್ಥಾನವೂ 1899ರಲ್ಲೇ ತನ್ನದೊಂದನ್ನು ಮಾಡಿಕೊಂಡಿತ್ತು, ಕರ್ನಾಟಕ ಅಂತ ಹೆಸರು ಬದಲಾಯಿಸಿಕೊಂಡು ಅದು ಈಗಲೂ ಇದೆ. ಎರಡರಲ್ಲೂ ಆರನೇ ಪ್ರಕರಣ ಹೇಳುವುದು ಒಂದೇ. ರದ್ದಾಗುವ ಮೊದಲು ಹುಟ್ಟಿದ ಹಕ್ಕು, ಬಿದ್ದ ಹೊಣೆ, ನಡೆದ ಅಪರಾಧ, ನಡೆಯುತ್ತಿರುವ ಕೇಸು ಇವೆಲ್ಲ, ಬೇರೆ ಉದ್ದೇಶ ಕಾಣದ ಹೊರತು, ಹಾಗೇ ಉಳಿಯುತ್ತವೆ. ಭಾರತೀಯ ದಂಡ ಸಂಹಿತೆ 2024ರ ಜುಲೈ 1ಕ್ಕೆ ಹೋಯಿತು, ಭಾರತೀಯ ನ್ಯಾಯ ಸಂಹಿತೆ ಬಂತು. ಹಳೆಯದರಲ್ಲಿ 511 ಪ್ರಕರಣ, ಹೊಸದರಲ್ಲಿ 358. ಆ 358ನೆಯದೇ ನಿರಸನ ಮತ್ತು ಉಳಿಸುವಿಕೆ. 2024ರ ಜೂನ್ 30ರ ರಾತ್ರಿ ಕಳ್ಳತನ ಮಾಡಿದವನು ವರ್ಷಗಳಾದ ಮೇಲೆ ಸಿಕ್ಕಿಬಿದ್ದರೂ ಅವನಿಗೆ ಹಳೆಯ ಸಂಹಿತೆಯೇ. ಹೀಗಾಗಿ 1860ರ ಆ ಪುಸ್ತಕವನ್ನು ವಕೀಲರು ಇನ್ನೂ ಎಷ್ಟೋ ವರ್ಷ ಬೀರುವಿನಿಂದ ಆಚೆ ಹಾಕುವಂತಿಲ್ಲ.

ಕೆಲವು ಕಾನೂನುಗಳನ್ನು ಯಾರೂ ರದ್ದು ಮಾಡಬೇಕಾಗಿಲ್ಲ, ಅವಧಿ ಮುಗಿದರೆ ತಾವೇ ಹೋಗುತ್ತವೆ. ಟಾಡಾ ಅನ್ನುವ ಭಯೋತ್ಪಾದನೆ ವಿರುದ್ಧದ ಕಾಯ್ದೆ ಅಂಥದ್ದು. 1987ರದ್ದು, ಎರಡೆರಡು ವರ್ಷ ಅಂತ ಮುಂದೂಡುತ್ತಾ ಬಂದು 1995ರ ಮೇ ತಿಂಗಳಲ್ಲಿ ಮುಂದೂಡುವುದನ್ನು ಬಿಟ್ಟರು. ಸತ್ತಿತು. ಆದರೆ 1993ರ ಪಾಲಾರ್ ನೆಲಬಾಂಬ್ ಸ್ಫೋಟದ ಕೇಸು? ವೀರಪ್ಪನ್ ಕಾಲದ್ದು, ಇಲ್ಲಿರುವ ಹಿರಿಯರಿಗೆ ನೆನಪಿರುತ್ತದೆ. ಮೈಸೂರಿನ ಟಾಡಾ ಕೋರ್ಟ್ ತೀರ್ಪು ಕೊಟ್ಟದ್ದು 2001ರಲ್ಲಿ, ಕಾನೂನು ಸತ್ತು ಆರು ವರ್ಷದ ಮೇಲೆ. 2004ರಲ್ಲಿ ಸುಪ್ರೀಂ ಕೋರ್ಟ್ ನಾಲ್ವರ ಜೀವಾವಧಿಯನ್ನು ಗಲ್ಲು ಶಿಕ್ಷೆಗೆ ಏರಿಸಿತು, 2014ರಲ್ಲಿ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಹತ್ತೊಂಬತ್ತು ವರ್ಷ ಹಿಂದೆ ಇಲ್ಲವಾದ ಕಾನೂನಿನ ಕೆಳಗೆ ಮನುಷ್ಯರ ಕೊರಳಿನ ವಿಷಯ ತೀರ್ಮಾನವಾಗುತ್ತಿತ್ತು. ಇದು ಹೇಗೆ ಸಾಧ್ಯ ಅಂದರೆ ಆ ಕಾಯ್ದೆಯೊಳಗೇ, ಅವಧಿ ಮುಗಿದರೂ ನಡೆದ ಅಪರಾಧದ ವಿಚಾರಣೆ ನಿಲ್ಲುವುದಿಲ್ಲ ಅಂತ ಬರೆದುಕೊಂಡಿದ್ದರು.

ಇದಕ್ಕೆ ಪೂರಾ ಉಲ್ಟಾ ಇನ್ನೊಂದು ಇದೆ. ನಮ್ಮದೇ ಭೂಸುಧಾರಣೆ.

1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಉಳುವವನೇ ಒಡೆಯ ಅಂದದ್ದು ಅದೇ. ಅದರಲ್ಲಿ 79ಎ, 79ಬಿ ಅಂತ ಇದ್ದವು. ಬೇಸಾಯ ಬಿಟ್ಟು ಬೇರೆ ಮೂಲದಿಂದ ಇಷ್ಟಕ್ಕಿಂತ ಜಾಸ್ತಿ ವರಮಾನ ಇರುವವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಸ್ವತಃ ಬೇಸಾಯ ಮಾಡದ ಕಂಪನಿ ಗಿಂಪನಿಗಳು ಜಮೀನು ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ ಜಮೀನು ಸರ್ಕಾರಕ್ಕೆ. ಉಪವಿಭಾಗಾಧಿಕಾರಿಯ ಮುಂದೆ ಕೇಸು. ವರಮಾನದ ಮಿತಿ 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿತು. 2020ರ ಜುಲೈನಲ್ಲಿ, ಕೊರೊನಾ ನಡುವೆ, ಸುಗ್ರೀವಾಜ್ಞೆ ಬಂತು. ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಒಪ್ಪಿತು. ಪರಿಷತ್ತಿನಲ್ಲಿ ಆಗ ಆಡಳಿತ ಪಕ್ಷಕ್ಕೆ ಸ್ವಂತ ಬಹುಮತ ಇರಲಿಲ್ಲ, ಅಲ್ಲಿ ದಾಟಿದ್ದು ಡಿಸೆಂಬರ್‌ನಲ್ಲಿ. ಹೊರಗೆ ರೈತ ಸಂಘಗಳ ಪ್ರತಿಭಟನೆ. ಎಲ್ಲರ ಚರ್ಚೆ ಒಂದೇ, ಇನ್ನು ಮುಂದೆ ಯಾರು ಬೇಕಾದರೂ ಜಮೀನು ಕೊಳ್ಳಬಹುದಾ ಅಂತ.

ಇನ್ನು ಮುಂದಿನದ್ದು ಬಿಡಿ, ಹಿಂದಿನದ್ದು ನೋಡಿ. ಆ ತಿದ್ದುಪಡಿಯಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: 79ಎ, 79ಬಿ, 79ಸಿ ಈ ಮೂರನ್ನೂ 1974ರ ಮಾರ್ಚ್ 1ರಿಂದಲೇ ತೆಗೆದುಹಾಕಲಾಗಿದೆ ಎಂದು ಭಾವಿಸತಕ್ಕದ್ದು. ಅಂದರೆ ಇವತ್ತಿನಿಂದ ಇಲ್ಲ ಅಂತಲ್ಲ. ಅವು ಯಾವತ್ತೂ ಇರಲೇ ಇಲ್ಲ ಅಂತ! ನಲವತ್ತಾರು ವರ್ಷ ಕಂದಾಯ ಕಚೇರಿಗಳಲ್ಲಿ ಓಡಿದ ಕಡತ, ಕೊಟ್ಟ ನೋಟಿಸು, ಬರೆಸಿಕೊಂಡ ಆದಾಯ ಪ್ರಮಾಣ ಪತ್ರ, ಆ ಪತ್ರಕ್ಕೋಸ್ಕರ ಕೈಬದಲಾದ ಕಾಸು, ಎಲ್ಲದರ ಕೆಳಗಿನ ನೆಲವನ್ನೇ ಒಂದು ಸಾಲು ಎಳೆದುಬಿಟ್ಟಿತು. ಬಾಕಿ ಇದ್ದ ಕೇಸುಗಳೆಲ್ಲ ವಜಾ. ಆದರೆ ಅದೇ ತಿದ್ದುಪಡಿಯ ಉಳಿಸುವಿಕೆಯ ಭಾಗ, ಅಷ್ಟರೊಳಗೆ ಅಂತಿಮವಾಗಿ ಮುಗಿದುಹೋದವನ್ನು ಮುಟ್ಟುವುದಿಲ್ಲ ಅನ್ನುತ್ತದೆ. ಇದರ ಫಲ ಯೋಚಿಸಿ. ಒಂದೇ ಊರಿನಲ್ಲಿ ಅಕ್ಕಪಕ್ಕದ ಎರಡು ಜಮೀನು, ಎರಡೂ 79ಎ ಮೀರಿ ಕೊಂಡವು ಅಂದುಕೊಳ್ಳಿ. ಒಬ್ಬ ನೋಟಿಸು ಬಂದ ಕೂಡಲೇ ಹಾಜರಾಗಿ, ಕೇಸು ಸೋತು, ಮೇಲ್ಮನವಿಯೂ ಮುಗಿದು ಜಮೀನು ಬಿಟ್ಟುಕೊಟ್ಟ. ಇನ್ನೊಬ್ಬ ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಎಳೆದ. ಎಳೆದವನು ಗೆದ್ದ.

ನೀವು 79ಎ ಇರಬೇಕಿತ್ತು ಅನ್ನುವವರಿರಬಹುದು, ಬೇಡ ಅನ್ನುವವರಿರಬಹುದು. ಅದು ಭ್ರಷ್ಟಾಚಾರದ ಗೂಡಾಗಿತ್ತು ಅನ್ನುವ ವಾದದಲ್ಲಿ ಹುರುಳಿದೆ, ಜಮೀನು ಬೇಸಾಯಗಾರರ ಕೈತಪ್ಪುತ್ತದೆ ಅನ್ನುವುದರಲ್ಲೂ ಇದೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ಆದರೆ ಹಿಂದಕ್ಕೆ ಹೋಗಿ ಅಳಿಸುವ ರದ್ದತಿಯನ್ನು ನಾನು ಒಪ್ಪುವುದಿಲ್ಲ. ಇವತ್ತಿನಿಂದ ತೆಗೆದಿದ್ದರೆ ಅದು ನೀತಿ ಬದಲಾವಣೆ. 1974ರಿಂದ ತೆಗೆದದ್ದು ಕಾನೂನು ಮೀರಿದವರಿಗೆ ಕೊಟ್ಟ ಮಾಫಿ, ಮತ್ತೆ ಕಾನೂನಿಗೆ ಹೆದರಿ ಜಮೀನು ಕೊಳ್ಳದೇ ಉಳಿದವರಿಗೆ ಮಾಡಿದ ತಮಾಷೆ.

ಇಲ್ಲಿ ಒಬ್ಬರು ಕೇಳಿದರು, ಕೇಂದ್ರದ ಕೃಷಿ ಕಾನೂನುಗಳು ಹೇಗೆ ರದ್ದಾದವು ಅಂತ. ಅದು ಬೇರೆ ಬಗೆ. 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಸಂಸತ್ತು. ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತ ಎಣಿಸಿ ಅಂತ ಕೇಳಿದರೂ ಧ್ವನಿಮತದಲ್ಲೇ ಮುಗಿಸಿದರು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೇ ವರ್ಷ ನವೆಂಬರ್ 19ಕ್ಕೆ ಪ್ರಧಾನಿ ಟಿವಿಯಲ್ಲಿ ವಾಪಸ್ ಅಂದರು. ಅವತ್ತು ಕಾನೂನು ರದ್ದಾಯಿತಾ? ಇಲ್ಲ. ಪ್ರಧಾನಿ ಹೇಳಿದ ಮಾತ್ರಕ್ಕೆ ಕಾನೂನು ಹೋಗುವುದಿಲ್ಲ, ಕಾನೂನನ್ನು ತೆಗೆಯಲು ಇನ್ನೊಂದು ಕಾನೂನೇ ಬೇಕು. ನವೆಂಬರ್ 29ರಂದು ಎರಡೂ ಸದನಗಳಲ್ಲಿ ಒಂದೇ ದಿನ ರದ್ದತಿ ವಿಧೇಯಕ ಪಾಸಾಯಿತು, ಚರ್ಚೆಯೇ ಇಲ್ಲದೆ. ಬರುವಾಗ ಗಡಿಬಿಡಿ, ಹೋಗುವಾಗಲೂ ಗಡಿಬಿಡಿ. ಯಾಕೆ ತಂದಿರಿ, ಯಾಕೆ ತೆಗೆದಿರಿ ಅಂತ ಸದನದ ಕಡತದಲ್ಲಿ ಒಂದು ಸರಿಯಾದ ಚರ್ಚೆ ಉಳಿಯಬೇಕಿತ್ತು, ಅಲ್ವಾ?

ಮತ್ತೊಂದು ಪ್ರಶ್ನೆ ಚೆನ್ನಾಗಿತ್ತು. ಒಂದು ಹಳೆಯ ಕಾನೂನನ್ನು ರದ್ದು ಮಾಡಿದ ಹೊಸ ಕಾನೂನನ್ನೇ ಮುಂದೆ ರದ್ದು ಮಾಡಿದರೆ ಹಳೆಯದು ಎದ್ದು ಬರುತ್ತದಾ? ಬರುವುದಿಲ್ಲ. ಎದ್ದು ಬರಬೇಕು ಅಂತ ಸ್ಪಷ್ಟವಾಗಿ ಬರೆಯದಿದ್ದರೆ ಬರುವುದಿಲ್ಲ, ಅದು ಸಾಮಾನ್ಯ ಖಂಡಗಳ ಅಧಿನಿಯಮದ ಏಳನೇ ಪ್ರಕರಣ. ಇದು ಇರುವುದರಿಂದಲೇ ಹಳೆಯ ಕಾನೂನುಗಳ ಕಸ ಗುಡಿಸಲು ಆಗುವುದು. 2014ರಲ್ಲಿ ಕೂರಿಸಿದ ರಾಮಾನುಜಂ ಸಮಿತಿ ಕೇಂದ್ರದ 2,781 ಕಾನೂನುಗಳಲ್ಲಿ 1,741 ತೆಗೆಯಬಹುದು ಎಂದಿತು. ಆಮೇಲೆ ಸುಮಾರು 1,500 ರದ್ದಾದವು. ಭಾಷಣಗಳಲ್ಲಿ ಈ ಅಂಕಿ ತುಂಬಾ ಕೇಳುತ್ತೀರಿ. ಒಳ್ಳೆಯ ಕೆಲಸವೇ. ಆದರೆ ಒಂದು ಚಿಟಿಕೆ ಉಪ್ಪು ಸೇರಿಸಿಕೊಳ್ಳಿ. ಅದರಲ್ಲಿ 750ಕ್ಕೂ ಹೆಚ್ಚು ಧನವಿನಿಯೋಗ ಕಾಯ್ದೆಗಳು, ಅಂದರೆ ಆಯಾ ವರ್ಷದ ಬಜೆಟ್ ಹಣ ತೆಗೆಯಲು ಮಾಡಿದವು, ಆ ವರ್ಷ ಮುಗಿದ ಮೇಲೆ ಯಾರಿಗೂ ತೊಂದರೆ ಕೊಟ್ಟವಲ್ಲ. ಇನ್ನಷ್ಟು ಬರೀ ತಿದ್ದುಪಡಿ ಕಾಯ್ದೆಗಳು, ತಿದ್ದುಪಡಿ ಮೂಲ ಕಾನೂನಿನೊಳಗೆ ಸೇರಿಹೋದ ಮೇಲೆ ಅವು ಖಾಲಿ ಸಿಪ್ಪೆ. ನಿಜವಾಗಿ ಜನರಿಗೆ ಕಾಟ ಕೊಡುತ್ತಿದ್ದ ಹಳೆಯ ಕಾನೂನು ತೆಗೆಯುವುದಕ್ಕೆ ಕೈ ಅಷ್ಟು ಬೇಗ ಏಳುವುದಿಲ್ಲ. ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ. 1885ರ ತಂತಿ ಕಾಯ್ದೆ ಅದಾದ ಮೇಲೂ ಹತ್ತು ವರ್ಷಕ್ಕೂ ಮೇಲೆ ಬದುಕಿತ್ತು, ಫೋನ್ ಕದ್ದಾಲಿಕೆಗೆ ಅಧಿಕಾರ ಕೊಡುತ್ತಿದ್ದದ್ದು ಅದೇ ಆದ್ದರಿಂದ. ಅದರ ಜಾಗಕ್ಕೆ ಬಂದ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಆ ಅಧಿಕಾರ ಭದ್ರವಾಗಿದೆ.

ಕೋರ್ಟು ಹೊಡೆದುಹಾಕಿದ ಕಾನೂನಿನ ಪಾಡೇನು ಅಂತ ಹಿಂದಿನ ಸಾಲಿನ ಹುಡುಗಿ ಕೇಳಿದಳು. ಹೊಡೆದುಹಾಕುವುದು ರದ್ದತಿ ಅಲ್ಲ. ಅಂತರ್ಜಾಲದಲ್ಲಿ ಆಕ್ಷೇಪಾರ್ಹ ಮಾತು ಹಾಕಿದರೆ ಶಿಕ್ಷೆ ಅನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಪ್ರಕರಣವನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ಕ್ಕೆ ಅಸಿಂಧು ಎಂದಿತು. ಆದರೆ ಪುಸ್ತಕದಿಂದ ಸಾಲು ತೆಗೆಯಲು ಕೋರ್ಟಿಗೆ ಬರುವುದಿಲ್ಲ, ಅದು ಸಂಸತ್ತಿನ ಕೆಲಸ. ಸಾಲು ಅಲ್ಲೇ ಇತ್ತು, ಅಡಿಟಿಪ್ಪಣಿಯಲ್ಲಿ ಮಾತ್ರ ತೀರ್ಪಿನ ಸುದ್ದಿ. ಠಾಣೆಯಲ್ಲಿ ಅಡಿಟಿಪ್ಪಣಿ ಓದುವವರು ಯಾರು? ಫೇಸ್‌ಬುಕ್ ಪೋಸ್ಟಿಗೆ 66ಎ ಹಾಕುವುದು ಮುಂದುವರಿಯಿತು. 2021ರಲ್ಲಿ ಇದು ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದಾಗ ನ್ಯಾಯಮೂರ್ತಿಗಳೇ ಆಘಾತ ಅಂದರು. ಇನ್ನು ಯಾರ ಮೇಲೂ ಇದರಡಿ ಕೇಸು ನಡೆಸಬಾರದು ಅಂತ 2022ರ ಅಕ್ಟೋಬರ್‌ನಲ್ಲಿ ಮತ್ತೊಂದು ಆದೇಶ ಮಾಡಬೇಕಾಯಿತು. ಏಳೂವರೆ ವರ್ಷ!

ಉಲ್ಟಾ ಕೂಡ ಆಗುತ್ತದೆ, ಕೋರ್ಟು ಹೇಳಿದ್ದನ್ನು ಸದನ ದಾಟಿಹೋಗುವುದು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಮಾಡಬಾರದು ಅನ್ನುವ 1978ರ ಕಾಯ್ದೆ, ಜನ ಪಿಟಿಸಿಎಲ್ ಅಂತಾರೆ. ಪರಭಾರೆಯಾದ ಜಮೀನು ವಾಪಸ್ ಕೊಡಿಸಿ ಅಂತ ತುಂಬಾ ತಡವಾಗಿ ಅರ್ಜಿ ಹಾಕಿದರೆ ಆಗುವುದಿಲ್ಲ, ಸಮಂಜಸ ಅವಧಿಯೊಳಗೆ ಬರಬೇಕು ಅಂತ ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನಲ್ಲಿ ಹೇಳಿತು. ಕಾಯ್ದೆಯಲ್ಲಿ ಕಾಲಮಿತಿಯ ಮಾತೇ ಇರಲಿಲ್ಲ. ಆ ತೀರ್ಪಿನ ಮೇಲೆ ಎಷ್ಟೋ ಬಡವರ ಅರ್ಜಿ ಬಿದ್ದುಹೋದವು. 2023ರಲ್ಲಿ ವಿಧಾನ ಮಂಡಲ ತಿದ್ದುಪಡಿ ತಂದು ಇದಕ್ಕೆ ಕಾಲಮಿತಿ ಇಲ್ಲ ಅಂತ ಬರೆದೇ ಹಾಕಿತು. ಇಂಥ ತಿದ್ದುಪಡಿ ನೋಡಿದಾಗ ಸದನಕ್ಕೆ ಏನು ಸಾಧ್ಯ ಅನ್ನುವುದು ಕಾಣುತ್ತದೆ.

ಕೊನೆಯ ಪ್ರಶ್ನೆ ತುಂಬಾ ಪ್ರಾಕ್ಟಿಕಲ್. ಯಾವುದೋ ಕಾನೂನು ಇವತ್ತು ಜೀವಂತ ಇದೆಯಾ ಇಲ್ಲವಾ ಅಂತ ಸಾಮಾನ್ಯರು ಹೇಗೆ ತಿಳಿದುಕೊಳ್ಳುವುದು? ಕೇಂದ್ರದ್ದಾದರೆ ಇಂಡಿಯಾ ಕೋಡ್ ಜಾಲತಾಣ, ರಾಜ್ಯದ್ದಾದರೆ ಸಂಸದೀಯ ವ್ಯವಹಾರಗಳ ಇಲಾಖೆಯ ತಾಣ, ಅಲ್ಲಿ ಎಷ್ಟೋ ಕಾಯ್ದೆಗಳು ಕನ್ನಡದಲ್ಲೇ ಸಿಗುತ್ತವೆ. ಪ್ರತಿ ಪ್ರಕರಣದ ಪಕ್ಕ ಸಣ್ಣ ಅಂಕಿ, ಕೆಳಗೆ ಅದರ ಟಿಪ್ಪಣಿ. ಯಾವ ವರ್ಷದ ಯಾವ ಕಾಯ್ದೆ ಇದನ್ನು ಸೇರಿಸಿತು, ಬದಲಿಸಿತು, ತೆಗೆಯಿತು, ಯಾವ ದಿನಾಂಕದಿಂದ ಅಂತ ಅಲ್ಲಿ ಇರುತ್ತದೆ. ಆ ದಿನಾಂಕ ನೋಡಿ. ತಾಣದಲ್ಲಿ ಹೊಸ ತಿದ್ದುಪಡಿ ಸೇರಿಸುವುದು ಕೆಲವೊಮ್ಮೆ ತಡವಾಗುತ್ತದೆ, ಹಾಗಾಗಿ ಕೋರ್ಟಿಗೆ ಹೋಗುವ ವಿಷಯವಾದರೆ ರಾಜ್ಯಪತ್ರವನ್ನೇ ತೆಗೆದು ನೋಡಿ, ಜಾರಿ ಅಧಿಸೂಚನೆ ಬೇರೆಯಾಗಿ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ. ಸಿಗಲಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಇಲಾಖೆಗೆ ಒಂದು ಅರ್ಜಿ ಹಾಕಿ: ಇಂಥ ಕಾಯ್ದೆಯ ಇಂಥ ಪ್ರಕರಣ ಯಾವ ದಿನಾಂಕದಿಂದ ಜಾರಿಯಲ್ಲಿದೆ, ಅಧಿಸೂಚನೆಯ ಪ್ರತಿ ಕೊಡಿ. ಹತ್ತು ರೂಪಾಯಿ ಶುಲ್ಕ.